ಕಸ್ತೂರಿ ಅಂಗಡಿಯವರು ಬರೆಯದ ಮಾತುಗಳು

ಮಗ್ಗದ ದಿನ್ನಿ, ಕಪ್ಪತಗುಡ್ಡದ ಬುಡ
ಅಳಿಸಿದ ಮೇಲಿನ ನೂರ ನಲವತ್ತಮೂರನೇ ವರ್ಷ, ಹಗ್ಗ ಬಿಗಿಯುವ ತಿಂಗಳ ಒಂಬತ್ತನೇ ದಿನ
(ನಿಮ್ಮ ಎಣಿಕೆಯಲ್ಲಿ ಎರಡು ಸಾವಿರದ ಇನ್ನೂರ ಇಪ್ಪತ್ತಾರು)

ಗದಗಿನ ಕಸ್ತೂರಿ ಮಲ್ಲೇಶಪ್ಪ ಅಂಗಡಿಯವರಿಗೆ ಬಾಳವ್ವನ ಶರಣು.

ಮೇಲಿನ ತಾರೀಖು ನೋಡಿ ನಗು ಬಂದರೆ ನಕ್ಕುಬಿಡಿ. ಕಾಗದ ಕಾಲದಲ್ಲಿ ಹಿಂದಕ್ಕೆ ಹೋಗುವುದಿಲ್ಲ ಎಂದು ನನಗೂ ಗೊತ್ತು. ನಾನು ಶಾಲೆ ಬಿಟ್ಟವಳು, ಬುದ್ಧಿ ಬಿಟ್ಟವಳಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಈ ಊರಿನಲ್ಲಿ ನನ್ನ ಮಾತು ಕೇಳುವವರು ಈಗ ಯಾರೂ ಇಲ್ಲ. ಅದು ಯಾಕೆ ಎಂಬುದನ್ನು ಹೇಳುವುದಕ್ಕೇ ಈ ಕಾಗದ. ನಡುವೆ ನಿಮಗೆ ತಿಳಿಯದ ಶಬ್ದ ಬಂದರೆ ಸಿಟ್ಟಾಗಬೇಡಿ. ಸಿಟ್ಟಾಗುವ ಕೆಲಸ ನನ್ನದು, ಎಪ್ಪತ್ತೊಂದು ವರ್ಷದಿಂದ ಅದನ್ನು ತಪ್ಪದೆ ಮಾಡಿಕೊಂಡು ಬಂದಿದ್ದೇನೆ. ಅಕ್ಷರಗಳು ಅಚ್ಚು ಒತ್ತಿದ ಹಾಗೆ ಬಿಡಿಬಿಡಿಯಾಗಿ ಇವೆ. ನನಗೆ ಬರುವುದು ಅಷ್ಟೇ. ನಿಮ್ಮನ್ನು ಏನೆಂದು ಕರೆಯಬೇಕು ಎಂಬುದೂ ಒಂದು ತೊಡಕು. ವರ್ಷ ಎಣಿಸಿದರೆ ನೀವು ನನ್ನ ಮುತ್ತಜ್ಜಿಗೂ ಹಿರಿಯರು. ಆದರೆ ನಮಗೆ ಸಿಕ್ಕ ನಿಮ್ಮ ನೋಟ್‌ಬುಕ್ಕು ಬರೆಯುವಾಗ ನಿಮಗೆ ಮೂವತ್ತೆಂಟು. ಆ ವಯಸ್ಸಿನವಳು ಎದುರಿಗೆ ಬಂದರೆ ನಾನು 'ಏ ಹುಡುಗಿ' ಎನ್ನುತ್ತೇನೆ. ಎರಡೂ ಬೇಡ, ಅಕ್ಕಾರ ಎನ್ನುತ್ತೇನೆ.

ಅಕ್ಕಾರ, ಅಳಿಸಿದ್ದು ಎಂದರೆ ಏನೆಂದು ಮೊದಲು ಹೇಳಬೇಕು. ನಿಮ್ಮ ಕಾಲದವರು ಬರೆದದ್ದನ್ನೆಲ್ಲ ಯಂತ್ರದೊಳಗೆ ಇಡುತ್ತಿದ್ದಿರಂತೆ. ಒಂದು ವರ್ಷ ಅದೆಲ್ಲ ಹಲಗೆ ಒರೆಸಿದ ಹಾಗೆ ಒರೆಸಿಹೋಯಿತು. ಯಾರು ಒರೆಸಿದರು, ಬೇಕೆಂದು ಒರೆಸಿದರೋ ಕೈ ತಪ್ಪಿತೋ ಎಂದು ಬರೆದಿಟ್ಟಿದ್ದವರು ಅದನ್ನೂ ಯಂತ್ರದೊಳಗೇ ಇಟ್ಟಿದ್ದರು. ಉಳಿದದ್ದು ಕಾಗದ. ಅದರಲ್ಲೂ ಒಳ್ಳೆಯ ಪುಸ್ತಕಗಳನ್ನು ಗೆದ್ದಲು ಮೊದಲು ತಿಂದಿತು. ಡಬ್ಬಿಯ ತಳಕ್ಕೆ ಹಾಸಿದ್ದು, ಕಪಾಟಿನ ಹಿಂದೆ ಬಿದ್ದದ್ದು, ದೇವರ ಪಟದ ಬೆನ್ನಿಗೆ ಅಂಟಿಸಿದ್ದು ಉಳಿಯಿತು. ನಾವು ಇತಿಹಾಸ ಎನ್ನುವುದು ಇದಕ್ಕೆ. ನಮ್ಮಲ್ಲಿ ಲಗ್ನಪತ್ರಿಕೆಗಳೇ ಹೆಚ್ಚು ಸಿಕ್ಕಿವೆ, ಹಾಗಾಗಿ ನಿಮ್ಮ ಕಾಲದವರು ದಿನಾ ಮದುವೆಯಾಗುತ್ತಿದ್ದರು ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. 'ಉಡುಗೊರೆ ಸ್ವೀಕರಿಸುವುದಿಲ್ಲ' ಎಂದು ಅಚ್ಚು ಹಾಕಿಸಿದ್ದನ್ನು ಓದಿ, ಎಂಥ ತ್ಯಾಗಿಗಳು ಎಂದು ಮುದುಕರು ಕಣ್ಣೊರೆಸಿಕೊಳ್ಳುತ್ತಾರೆ. ಒಂದು ಮನೆಯಲ್ಲಿ ಜ್ವರದ ಔಷಧದ ಚೀಟಿ ಇದೆ, ಊಟದ ನಂತರ ದಿನಕ್ಕೆ ಎರಡು ಸಲ ಎಂದು. ಆ ಮನೆಯವರು ಊಟವಾದ ಮೇಲೆ ಅದನ್ನು ಎರಡು ಸಲ ಹೇಳಿಕೊಂಡು ಕೈ ಮುಗಿಯುತ್ತಾರೆ. ನಗಬೇಡಿ. ನೀವು ಏನೇನು ಮಾಡುತ್ತಿದ್ದಿರೋ, ಯಾರು ಬಲ್ಲರು.

ನಮ್ಮ ಊರು ನೆರಳಿನಿಂದ ಬದುಕುವ ಊರು. ಬಿಸಿಲು ನಿಮ್ಮ ಕಾಲದ ಬಿಸಿಲಲ್ಲ. ಮಧ್ಯಾಹ್ನ ಬರಿನೆತ್ತಿಯಲ್ಲಿ ನೂರು ಹೆಜ್ಜೆ ನಡೆದರೆ ಮನುಷ್ಯ ಕುಸಿಯುತ್ತಾನೆ. ಅದಕ್ಕೆ ಓಣಿಯಿಂದ ಓಣಿಗೆ, ಮಾಳಿಗೆಯಿಂದ ಮಾಳಿಗೆಗೆ ದಪ್ಪನೆಯ ಬಟ್ಟೆ ಕಟ್ಟುತ್ತೇವೆ. ನೆರಳುಹಾಸು ಎನ್ನುತ್ತೇವೆ. ಒಂದೊಂದು ಹಾಸು ಒಂದು ಹೊಲದಷ್ಟು ಅಗಲ, ಎತ್ತುವುದಕ್ಕೆ ನಲವತ್ತು ಜನ ಬೇಕು. ಗುಡ್ಡದ ಮೇಲೆ ನಿಮ್ಮವರು ನೆಟ್ಟ ಗಾಳಿಕಂಬಗಳನ್ನು ಕಡಿದು ತಂದು ಅವಕ್ಕೇ ಹಗ್ಗ ಬಿಗಿಯುತ್ತೇವೆ. ಬಿಸಿಗಾಳಿ ಬರುವ ಮುಂಚಿನ ತಿಂಗಳು ಊರಿಗೆ ಊರೇ ಹಗ್ಗ ಬಿಗಿಯುವುದರಲ್ಲಿ ಇರುತ್ತದೆ. ಅಕ್ಕಿ ಹಬ್ಬಕ್ಕೂ ಇಲ್ಲ. ಜೋಳ ಇದೆ, ರೊಟ್ಟಿ ಇದೆ, ಬಡಿಯುವ ಸದ್ದು ಅದೇ ಇರಬೇಕು. ಗಾಳಿಕಂಬದ ಒಂದು ರೆಕ್ಕೆಯನ್ನು ಬೋರಲು ಹಾಕಿ ಮಾಡು ಮಾಡಿದ್ದೇವೆ, ಅದರ ಕೆಳಗೆ ಓದುಮನೆ. ಎಂಟು ದಿನಕ್ಕೊಮ್ಮೆ ಊರು ಅಲ್ಲಿ ಕೂಡುತ್ತದೆ. ಮೊದಲು ಹಳೆಯ ಕಾಗದ ಒಂದನ್ನು ಓದುವುದು, ಆಮೇಲೆ ಊರಿನ ಮಾತು. ಓದುವವಳಿಗೆ ಓದಾಕಿ ಎಂದು ಹೆಸರು, ಅವಳ ಹೊರತು ಯಾರೂ ಓದುಮನೆಯ ಕಾಗದ ಮುಟ್ಟುವಂತಿಲ್ಲ. ಮೂವತ್ತೇಳು ವರ್ಷ ನಾನೇ ಓದಾಕಿ.

ನನ್ನ ಓದು ಎಷ್ಟು ಎಂಬುದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಮ್ಮ ಶಾಲೆಯಲ್ಲಿ ಮೂರನೇ ಇಯತ್ತೆಗೆ ಅಚ್ಚಿನ ಅಕ್ಷರ ಕಲಿಸುತ್ತಾರೆ. ಹಳೆಯವರ ಕೈಬರಹ ಓದುವುದನ್ನು ಕಲಿಸುವುದು ಐದಕ್ಕೆ. ನಾನು ನಾಲ್ಕಕ್ಕೆ ಬಿಟ್ಟೆ. ಮಾಸ್ತರರು ಬೆರಳ ಗಂಟಿಗೆ ಹೊಡೆದರು, ನಾನು ಹಲಗೆ ಎಸೆದು ಮನೆಗೆ ಬಂದೆ, ಅಷ್ಟೇ ಕಥೆ. ಮುಂದೆ ಹಳೆಯ ಓದಾಕಿ ತೀರಿಕೊಂಡಾಗ ಊರಿನವರು ನನ್ನನ್ನು ಆರಿಸಿದ್ದು ನನ್ನ ಗಂಟಲು ನೋಡಿ. ಗುಡ್ಡದ ಮೇಲೆ ಮೇಯುವ ಆಡಿಗೂ ಕೇಳುವ ದನಿ. ಲಗ್ನಪತ್ರಿಕೆ, ಚೀಟಿ, ಶೇಂಗಾ ಕಟ್ಟಿದ ಪೇಪರು, ಎಲ್ಲ ಅಚ್ಚಿನವು. ಆರು ವರ್ಷ ಯಾವ ತೊಂದರೆಯೂ ಆಗಲಿಲ್ಲ.

ಆಮೇಲೆ ನೀವು ಸಿಕ್ಕಿರಿ. ಗದಗಿನ ಹಾಳುಗೋಡೆ ಅಗೆಯಲು ಹೋದವರು ಒಂದು ಸ್ಟೀಲ್ ಡಬ್ಬಿ ತಂದರು. ಒಳಗೆ ಬೇವಿನ ಎಲೆಯ ಪುಡಿ, ಅದರ ನಡುವೆ ನಿಮ್ಮ ನೋಟ್‌ಬುಕ್ಕು. ಇಡೀ ಇನ್ನೂರು ಪುಟ, ಕೈಯಿಂದ ಬರೆದದ್ದು! ಅಂಥದ್ದು ಯಾವ ಊರಲ್ಲೂ ಇರಲಿಲ್ಲ. ಮುನ್ನೂರು ಜನ ಓದುಮನೆಯಲ್ಲಿ ಕಾಯುತ್ತ ಕೂತಿದ್ದರು. ಮೇಲಿನ ಚೀಟಿಯಲ್ಲಿ ನೀವು ಹೆಸರನ್ನು ದುಂಡಗೆ ಬಿಡಿಸಿ ಬರೆದಿದ್ದಿರಿ, ಅದನ್ನು ಓದಿದೆ. ಹಿಂಬದಿಯಲ್ಲಿ ಅಚ್ಚಿನ ಮಗ್ಗಿ ಇತ್ತು, ಅದೂ ಬಂತು. ನಡುವೆ ತೆರೆದೆ. ಸಕ್ಕರೆ ಕಂಡ ಇರುವೆಯ ಸಾಲು. ಒಂದು ಅಕ್ಷರವೂ ಕೈಗೆ ಸಿಗಲಿಲ್ಲ. "ಓದವ್ವಾ! ಏನಂತಾಳ ಕಸ್ತೂರೆವ್ವ?" ಎಂದು ಹಿಂದಿನಿಂದ ಯಾರೋ ಕೂಗಿದರು. ನನಗೆ ಓದಲು ಬರುವುದಿಲ್ಲ ಎಂದು ಹೇಳಲು ಮೂರೇ ಶಬ್ದ ಸಾಕಿತ್ತು. ಬಾಯಿಂದ ಬೇರೆಯದೇ ಬಂತು: "ಉಣ್ಣುವಾಗ ಜಗಳ ಮಾಡಬ್ಯಾಡ್ರಿ, ಅಂತ ಬರದಾಳ."

ಜನ ಕೈ ಮುಗಿದರು, ಅಕ್ಕಾರ. ಉಣ್ಣುವಾಗ ಜಗಳ ನಿಂತೇಹೋಯಿತು. ನಾನೂ ಅಂದುಕೊಂಡೆ, ಕೆಟ್ಟದ್ದೇನು ಮಾಡಿದೆ?

ರುಚಿ ಹತ್ತಿತು. ಯಾರದೋ ತಂಟೆ ಓದುಮನೆಗೆ ಬಂದರೆ ನಾನು ನೋಟ್‌ಬುಕ್ಕು ತೆರೆದು, ಬೆರಳಿಟ್ಟು, ನನಗೆ ಸರಿ ಕಂಡದ್ದನ್ನು ಓದುತ್ತಿದ್ದೆ. ನನ್ನ ಕೈ ನೋಯುತ್ತಿದ್ದ ವರ್ಷ, ಮಂಗಳವಾರ ಗಂಡಸರೇ ರೊಟ್ಟಿ ಬಡಿಯಬೇಕು ಎಂದು ನೀವು ಬರೆದಿರಿ. ಪಕ್ಕದ ಮನೆಯವ ನಸುಕಿನಲ್ಲಿ ಎದ್ದು ಅಪಸ್ವರ ಹಾಡುತ್ತಿದ್ದ. ಸೂರ್ಯ ಏರುವ ತನಕ ಹಾಡಬಾರದು ಎಂದು ಬರೆದಿರಿ. ನಾನು ಹೇಳಿದರೆ 'ಮುದುಕಿ ಒದರತೈತಿ' ಎನ್ನುವ ಜನ, ನೀವು ಹೇಳಿದಿರಿ ಎಂದರೆ ತಲೆಬಾಗುತ್ತಿದ್ದರು. ಸತ್ತವರ ಮಾತಿಗೆ ಇರುವ ತೂಕ ಬದುಕಿದ್ದವರ ಮಾತಿಗೆ ಇಲ್ಲ. ಇತಿಹಾಸದ ಬಗ್ಗೆ ನಾನು ಕಲಿತದ್ದು ಇದೊಂದೇ, ಅದನ್ನು ಒಳ್ಳೆಯದಕ್ಕೆ ಬಳಸಲಿಲ್ಲ.

ಈಗ ಫಕೀರವ್ವನ ಮಾತಿಗೆ ಬರುತ್ತೇನೆ. ಇಲ್ಲಿಯವರೆಗೆ ಬರೆಯಲು ಒಂದು ದಿನ ಹಿಡಿಯಿತು, ಇಲ್ಲಿಂದ ಮುಂದಕ್ಕೆ ಪೆನ್ನು ಏಳುತ್ತಿಲ್ಲ. ಫಕೀರವ್ವ ನನ್ನ ವಾರಗೆಯವಳು, ಒಂದೇ ಶಾಲೆ, ಒಂದೇ ಸಾಲು. ಅವಳು ಐದು ಮುಗಿಸಿದಳು. ಮಗ್ಗದ ಓಣಿಯ ಮೂಲೆಮನೆಯಲ್ಲಿ ಹಾಸು ನೇಯುವುದು, ಹಗ್ಗ ಹೊಸೆಯುವುದು ಅವಳ ಕಸುಬು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಹಾಸು ಸೀಳಿದಾಗ ನಾನು ಇಪ್ಪತ್ತು ಹೆಣ್ಣುಮಕ್ಕಳ ಎದುರಿಗೆ ಅವಳನ್ನು ಬೈದೆ. ಅವಳು ನೂಲಿನಿಂದ ತಲೆ ಎತ್ತದೆ ಹೇಳಿದಳು: "ಬಾಳವ್ವಾ, ನಾಲ್ಕನೇ ಇಯತ್ತೆಗೆ ಹಲಗಿ ಒಗದು ಬಂದಾಕಿ ನೀ. ನಾ ಐದು ಮುಗಿಸೀನಿ. ತಾ ಇಲ್ಲಿ ಆ ಬುಕ್ಕ, ಒಂದ ಹಾಳಿ ನಾ ಓದಿ ತೋರಸತೀನಿ. ನೀ ಓದೂದು ಹೌದೋ ಅಲ್ಲೋ ನೋಡೂಣು."

ಅವಳಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು, ಹೇಳಿರಲಿಲ್ಲ.

ಮುಂದಿನ ಕೂಟದಲ್ಲಿ ನಾನು ನೋಟ್‌ಬುಕ್ಕು ತೆರೆದು ನಿಮ್ಮ ಬಾಯಿಯಿಂದ ಹೇಳಿಸಿದೆ: ಮಗ್ಗದ ಓಣಿಯ ಮೂಲೆಮನೆಯವರು ಸುಳ್ಳು ಸಾಕ್ಷಿ ಹೇಳಿ ಊರಿನ ಕೆರೆ ಒಡೆಸಿದವರು, ಅವರ ಮಾತನ್ನು ಎಣಿಸಬಾರದು. ನಿಮ್ಮ ಕಾಲದಲ್ಲಿ ಆ ಓಣಿಯೇ ಇರಲಿಲ್ಲ. ಅದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಅಂದಿನಿಂದ ಫಕೀರವ್ವ ಮಾತಿಲ್ಲದಾಕಿ. ಹಾಗೆಂದರೆ ಉಪ್ಪು ಕೊಡು, ನೀರು ಕೊಡು ಎನ್ನಬಹುದು; ಊರಿಗೆ ಸಂಬಂಧಿಸಿದ್ದು ಏನಾದರೂ ಹೇಳಿದರೆ ಎದುರಿಗಿದ್ದವರು ಎಡಗಿವಿಗೆ ಅಂಗೈ ಇಟ್ಟುಕೊಂಡು ಬೇರೆ ಕಡೆ ನೋಡಬೇಕು. ಮುನ್ನೂರು ಜನ, ಮುನ್ನೂರು ಅಂಗೈ. ಹತ್ತೊಂಬತ್ತು ವರ್ಷ. ನಾನೂ ಇಟ್ಟುಕೊಂಡಿದ್ದೇನೆ.

ನಾಲ್ಕು ವರ್ಷದ ಹಿಂದೆ ಗೋದಾಮಿನ ನಾರು ತೊಯ್ದಿತ್ತು. ಈ ನಾರಿನಿಂದ ಹಗ್ಗ ಹೊಸೆಯಬಾರದು ಎಂದು ಅವಳು ಹೇಳಿದಳಂತೆ, ಅಂಗೈಗಳು ಎದ್ದವಂತೆ. ಹೊಸೆ ಎಂದರು, ಹೊಸೆದಳು. ಹೋದ ತಿಂಗಳು ಶಾಲೆ ಓಣಿಯ ಹಗ್ಗದ ಕೆಳಗೆ ನಿಂತು ಮೂರು ವಾರ ಒದರಿದಳು. ಹೊರಗೆ ಎಣ್ಣೆ ಸವರಿದ ಹಗ್ಗ ಗಟ್ಟಿಯಾಗಿಯೇ ಕಾಣುತ್ತಿತ್ತು. ಒಂದು ಮಧ್ಯಾಹ್ನ ಅದು ಹರಿಯಿತು. ಹಾಸಿನ ಜೊತೆ ಕಂಬವೂ ಬಿತ್ತು. ಏಳು ಜನರಿಗೆ ಪೆಟ್ಟಾಯಿತು. ಊರಿನ ಹಿರಿಯ ಕಳಕಪ್ಪನ ಹೆಂಡತಿಯ ಕಾಲು ಮುರಿಯಿತು. ಇನ್ನೂ ಹನ್ನೊಂದು ಹಾಸು ತೂಗುತ್ತಿದ್ದವು, ಅವುಗಳಲ್ಲಿ ಯಾವುದಕ್ಕೆ ಆ ನಾರಿನ ಹಗ್ಗ ಎಂದು ಹೊಸೆದವಳಿಗೆ ಮಾತ್ರ ಗೊತ್ತಿತ್ತು. ಎಲ್ಲವನ್ನೂ ಇಳಿಸಿ ಬಿಚ್ಚಿ ನೋಡುವಷ್ಟು ದಿನವಿರಲಿಲ್ಲ, ಬಿಸಿಗಾಳಿ ಒಂದೇ ತಿಂಗಳ ದೂರದಲ್ಲಿತ್ತು.

ನಾನು ಮೂಲೆಮನೆಗೆ ಹೋದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ನೋಟ್‌ಬುಕ್ಕು ಸೆರಗಿನಲ್ಲಿತ್ತು. ನನ್ನ ಲೆಕ್ಕ ಜಾಣತನದ್ದು: "ಯಾವ್ಯಾವ ಹಗ್ಗ ಅಂತ ನನಗ ಹೇಳ, ಫಕೀರವ್ವಾ. ಕಸ್ತೂರೆವ್ವ ಬರದಾಳ ಅಂತ ನಾ ಓದತೀನಿ. ಊರು ಉಳಿತೈತಿ."

ಅವಳು ಮಗ್ಗ ನಿಲ್ಲಿಸಿದಳು. "ಮತ್ತ ಸುಳ್ಳು ಓದಾಕಿ? ನಾಚಿಕಿ ಅನ್ನೂದು ನಾಲ್ಕನೇ ಇಯತ್ತೆಯೊಳಗ ಕಲಸಂಗಿಲ್ಲೇನ? ನನ್ನ ಮಾತು ನನಗ ಕೊಡು. ನಾನ ಹೇಳತೀನಿ."

"ಹೆಂಗ ಕೊಡಲಿ?"

"ಹೆಂಗ ತಗದಿದ್ದಿ?"

ಅವಳು ಕೈ ಚಾಚಿದಳು, ನೋಟ್‌ಬುಕ್ಕು ಕೊಟ್ಟೆ. ಬಾಗಿಲಿನ ಬೆಳಕಿಗೆ ಹಿಡಿದು ಓದತೊಡಗಿದಳು. ಅಕ್ಕಾರ, ನಿಮ್ಮನ್ನು ನಾನು ಮೊದಲು ಕೇಳಿದ್ದು ಆಗ. ಈ ವರ್ಷ ಹತ್ತು ಪುಸ್ತಕ ಓದುತ್ತೇನೆ ಎಂದು ಜನವರಿಯಲ್ಲಿ ಬರೆದಿದ್ದಿರಿ. ಲೈಬ್ರರಿಯಿಂದ ಒಂದು ಇತಿಹಾಸದ ಪುಸ್ತಕ ತಂದಿದ್ದಿರಿ. ಆಮೇಲೆ: 'ಪುಸ್ತಕ ತೆಗೆದೆ, ಹಾಲು ಉಕ್ಕಿತು, ಮುಚ್ಚಿದೆ.' 'ಇವತ್ತೂ ಓದಲಿಲ್ಲ, ನಿದ್ದೆ ಬಂತು.' 'ಅತ್ತೆಯವರ ಮಂಡಿನೋವು, ಓದಲಿಲ್ಲ.' 'ಹನ್ನೊಂದನೇ ಪುಟ. ಹೋದ ವಾರವೂ ಹನ್ನೊಂದನೇ ಪುಟವೇ.' 'ಶಾವಿಗೆ ಹೊತ್ತಿತು. ನನ್ನಂಥವಳಿಗೆ ಓದು ಯಾಕೆ ಬೇಕಿತ್ತು ಎಂದು ನಾಚಿಕೆಯಾಯಿತು.' ಕೊನೆಯವರೆಗೂ ಹೀಗೇ. ಯುದ್ಧವಿಲ್ಲ, ಕಟ್ಟಳೆಯಿಲ್ಲ, ಒಬ್ಬರಿಗೂ ಒಂದು ಬುದ್ಧಿಮಾತು ಇಲ್ಲ. ಫಕೀರವ್ವ ನಕ್ಕು ನಕ್ಕು ಕೆಮ್ಮಿದಳು, ಕೆಮ್ಮಿ ಕಣ್ಣೊರೆಸಿಕೊಂಡಳು. "ಪಾಪ, ಓದಾಕ ಬಿಡಲಿಲ್ಲ ನೋಡ ಆಕಿಗೆ ಯಾರೂ" ಎಂದಳು. ಆಮೇಲೆ ನಗು ನಿಂತಿತು. "ಇದರಾಗ ನಮ್ಮ ಮನಿ ಎಲ್ಲೈತಿ, ಬಾಳವ್ವಾ?" ಎಂದು ಕೇಳಿದಳು.

ನಾನು ನೋಟ್‌ಬುಕ್ಕು ವಾಪಸು ತೆಗೆದುಕೊಂಡೆ. ಎಪ್ಪತ್ತೊಂದು ವರ್ಷದಲ್ಲಿ ನಾನು ಉತ್ತರ ಕೊಡದೆ ಎದ್ದು ಬಂದದ್ದು ಅದೊಂದೇ ಸಲ.

ಮರುದಿನದ ಕೂಟದಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ನನಗೆ ಕೈಬರಹ ಓದಲು ಬರುವುದಿಲ್ಲ, ಮೂವತ್ತೊಂದು ವರ್ಷ ಓದಿದ್ದೆಲ್ಲ ನನ್ನ ತಲೆಯಿಂದ ಬಂದದ್ದು, ಫಕೀರವ್ವನ ಮಾತು ಕಿತ್ತುಕೊಂಡದ್ದು ನನ್ನ ಸಿಟ್ಟು, ಕಸ್ತೂರೆವ್ವ ಅಲ್ಲ. ಬಯ್ಯುತ್ತಾರೆ, ಕಲ್ಲು ತೂರುತ್ತಾರೆ ಎಂದುಕೊಂಡಿದ್ದೆ. ಅದಕ್ಕಿಂತ ಕೆಟ್ಟದ್ದಾಯಿತು. ನಂಬಲಿಲ್ಲ. "ಬಿಸಲು ಬಡದೈತಿ ಚಿಗವ್ವಗ, ನೀರು ಕೊಡ್ರಿ" ಎಂದ ಕಳಕಪ್ಪ. ಒಬ್ಬಳು ನನ್ನ ತಲೆಗೆ ಒದ್ದೆ ಬಟ್ಟೆ ಹಾಕಿದಳು. "ಉಣ್ಣುವಾಗ ಜಗಳ ಬ್ಯಾಡ ಅಂತ ಇಷ್ಟು ಶಾಣ್ಯಾ ಮಾತು ಈಕಿ ತಲಿಯೊಳಗಿಂದ ಬರತೈತೇನ? ಈಕಿ ಜಗಳಾ ಮಾಡದ ಒಂದ ದಿನ ಉಂಡಾಳೇನ?" ಎಂದು ಇನ್ನೊಬ್ಬಳು, ಎಲ್ಲರೂ ನಕ್ಕರು. ಅವಳ ವಾದ ಸರಿಯಾಗಿಯೇ ಇತ್ತು. ಫಕೀರವ್ವ ಹಿಂದಿನ ಸಾಲಿನಿಂದ ಎದ್ದು ಬಾಯಿ ತೆರೆದಳು, ಮುನ್ನೂರು ಅಂಗೈ ಎದ್ದವು.

ಆಗ ನಾನು ಮಾಡಿದ್ದನ್ನು ಕೇಳಿ ನೀವು ಏನೆನ್ನುತ್ತೀರೋ. ತಲೆಯ ಮೇಲಿನ ಬಟ್ಟೆ ಕಿತ್ತೆಸೆದೆ. ನೋಟ್‌ಬುಕ್ಕು ತೆರೆದು, ಬೆರಳಿಟ್ಟು, ಗುಡ್ಡದ ಆಡಿಗೂ ಕೇಳುವ ಹಾಗೆ ಓದಿದೆ: "ಮೂಲೆಮನಿಯವರ ಶಿಕ್ಷೆ ಹತ್ತೊಂಬತ್ತು ವರ್ಷಕ್ಕ ತೀರಿತು. ಇನ್ನ ಮುಂದ ಅವರ ಮಾತನ್ನ ಎಲ್ಲಾರಿಗಿಂತ ಮೊದಲ ಎಣಿಸಬೇಕು, ಅಂತ ಬರದಾಳ ಕಸ್ತೂರೆವ್ವ."

ಒಂದೇ ಉಸಿರಿಗೆ ಅಂಗೈಗಳು ಇಳಿದವು. ನಿಜ ಹೇಳಿದಾಗ ಒದ್ದೆ ಬಟ್ಟೆ, ಸುಳ್ಳು ಓದಿದಾಗ ಕೈ ಮುಗಿದರು.

ಫಕೀರವ್ವ ಮುಂದಕ್ಕೆ ಬಂದಳು. ತೊಯ್ದ ನಾರಿನ ಹಗ್ಗಗಳು ಯಾವುವೆಂದು ಹೇಳಿದಳು. ಬಾವಿ ಓಣಿಯದು, ಸಂತೆಯದು, ಕುಂಬಾರಗೇರಿಯ ಎರಡು, ಮತ್ತೆ ನಾವೆಲ್ಲ ಕೂತಿದ್ದ ಓದುಮನೆಯ ಅಂಗಳದ್ದು. ಐದು. ಜನ ಮೇಲೆ ನೋಡಿ, ಕೂತಲ್ಲೇ ಒಬ್ಬರ ಹಿಂದೆ ಒಬ್ಬರು ಸರಿದರು. ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಇನ್ನ ಬಾಳವ್ವ ಈಗ ಓದಿದ್ದು. ಅದೂ ಸುಳ್ಳು. ಆಕಿಗೆ ಈ ಬರಹ ಓದಾಕ ಬರಂಗಿಲ್ಲ. ಎಂದೂ ಬಂದಿಲ್ಲ."

ಕಳಕಪ್ಪನ ಮುಖ ನೀವು ನೋಡಬೇಕಿತ್ತು. ಮೊದಲು ಎಣಿಸಬೇಕು ಎಂದು ಈಗಷ್ಟೇ ಕೈ ಮುಗಿದು ಒಪ್ಪಿಕೊಂಡ ಮಾತು. ಅದನ್ನು ಎಣಿಸಿದರೆ ಮೂವತ್ತೊಂದು ವರ್ಷದ ಓದೆಲ್ಲ ಸುಳ್ಳಾಗಿ ಹೋಯಿತು. ಅವನು ನೋಟ್‌ಬುಕ್ಕು ತೆಗೆದುಕೊಂಡು ಫಕೀರವ್ವನ ಕೈಯಲ್ಲಿಟ್ಟ. "ಓದ್ರಿ, ಅತ್ತಿ" ಎಂದ. ಅವಳು ಓದಿದಳು, ಹಾಲು ಉಕ್ಕಿದ್ದರಿಂದ ಶಾವಿಗೆ ಹೊತ್ತುವವರೆಗೆ. ಜನ ಬಾಯಿ ತೆರೆದು ಕೇಳಿದರು. ಹನ್ನೊಂದನೇ ಪುಟ ದಾಟಿದಳೇನ, ದಾಟಿದಳೇನ ಎಂದು ಮುದುಕಿಯರು ನಡುನಡುವೆ ಕೇಳುತ್ತಿದ್ದರು. ಗಂಡಸರ ಕಡೆಯಿಂದ ಬಂದ ಮೊದಲ ಪ್ರಶ್ನೆ, ಹಾಗಾದರೆ ಮಂಗಳವಾರದ ರೊಟ್ಟಿ ನಮಗೆ ತಪ್ಪಿತೇ ಎಂದು. "ಅದೊಂದು ಇರಲಿ" ಎಂದಳು ಫಕೀರವ್ವ.

ಐದೂ ಹಗ್ಗ ಇಳಿಸಿ ಕುಯ್ದು ನೋಡಿದರು. ಒಳಗೆ ಹಿಟ್ಟು.

ಸುಳ್ಳು ಓದಿದವಳ ಮಾತು ತೆಗೆಯಬೇಕು ಎಂಬುದು ನಾನೇ ಎಂದೋ ಓದಿದ ಕಟ್ಟಳೆ, ಉಳಿದವೆಲ್ಲ ಬಿದ್ದರೂ ಅದನ್ನು ಉಳಿಸಿಕೊಂಡರು. ಸರಿಯಾಗಿಯೇ ಮಾಡಿದರು. ಕೂಟ ಮುಗಿದ ಮೇಲೆ ನಾನು ಫಕೀರವ್ವನ ಹತ್ತಿರ ಹೋಗಿ, ತಪ್ಪಾಯಿತು ಎಂದೆ. ಹತ್ತೊಂಬತ್ತು ವರ್ಷ ಹೇಳಬಹುದಾಗಿದ್ದ ಮಾತು. ಅವಳು ನನ್ನ ಮುಖವನ್ನೇ ನೋಡುತ್ತ ಅಂಗೈ ಎತ್ತಿ ಎಡಗಿವಿಗೆ ಇಟ್ಟುಕೊಂಡಳು. ಸಿಟ್ಟಿನಿಂದ ಅಲ್ಲ, ಕಟ್ಟಳೆ ಹಾಗಿದೆ. ಆ ಅಂಗೈ ಈಚೆಯಿಂದ ನೋಡಿದರೆ ಎಷ್ಟು ದೊಡ್ಡದು ಎಂದು ಅವತ್ತು ಗೊತ್ತಾಯಿತು. ಮನೆಗೆ ಬಂದು ಒಲೆ ಹೊತ್ತಿಸಲಿಲ್ಲ.

ಅಕ್ಕಾರ, ಕ್ಷಮೆಯನ್ನು ನಿಮ್ಮಿಂದ ಕೇಳಿ ಪಡೆದುಕೊಳ್ಳುವುದು ಅಗ್ಗದ ಕೆಲಸ. ಕೊಡಬೇಕಾದವಳು ನಾಲ್ಕು ಓಣಿಯ ಆಚೆ ಹೊಸ ನಾರು ಬಿಡಿಸುತ್ತ ಕೂತಿದ್ದಾಳೆ. ಅದನ್ನು ಕೇಳುತ್ತಿಲ್ಲ. ನನ್ನದು ಬೇರೆ ಬೇಡಿಕೆ. ದಿನ್ನಿಯಿಂದ ದಿನ್ನಿಗೆ ಸುದ್ದಿ ನಡೆದುಕೊಂಡು ಹೋಗುತ್ತದೆ. ಬೇರೆ ಊರುಗಳಲ್ಲಿ ಕಸ್ತೂರೆವ್ವ ಹೀಗೆಂದಳು, ಹಾಗೆಂದಳು ಎಂದು ನಾನು ಹುಟ್ಟಿಸಿದ ಮಾತುಗಳನ್ನು ಇನ್ನೂ ಓದುತ್ತಿದ್ದಾರೆ. ಅಲ್ಲಿಯೂ ಯಾವುದೋ ಮೂಲೆಮನೆಯಲ್ಲಿ ಒಬ್ಬಳು ಬಾಯಿ ಮುಚ್ಚಿ ಕೂತಿರಬಹುದು. ನಾನು ಹೋಗಿ ಅಲ್ಲವೆಂದರೆ ಯಾರೂ ಕೇಳುವುದಿಲ್ಲ. ನೀವು ಯಾವುದಾದರೂ ದಾರಿಯಿಂದ ಆ ಜನರ ಕನಸಿಗೋ ಕಿವಿಗೋ ಬರುವುದಾದರೆ, 'ಅದು ನನ್ನ ಮಾತಲ್ಲ' ಎಂದು ಒಂದು ಸಲ ಹೇಳಿಬಿಡಿ. ನಿಮ್ಮ ಮಾತನ್ನು ಎಣಿಸುತ್ತಾರೆ.

ಬಾಳವ್ವ